ಸೇಫ್ಟಿ ವಾಲ್ವ್ ಕಾಣೆಯಾದ ಮಧ್ಯಾಹ್ನ

ಊಟ ಮುಗಿಸಿ, ಮಾದರಿ ರೈಲು ಸಂಘದ ಪ್ರದರ್ಶನ ನಡೆಯುತ್ತಿದ್ದ ಹಾಲ್‌ಗೆ ಮರಳಿ, ಹೊದಿಕೆ ಸರಿಸಿ ನೋಡಿದರೆ ಎಲ್ಲರೂ ಲೇತ್ ಅಜ್ಜ ಎಂದು ಕರೆಯುವ ಹಿರಿಯರ ಪುಟ್ಟ ಹಬೆ ಎಂಜಿನ್ನಿನ ಸೇಫ್ಟಿ ವಾಲ್ವ್ ಮಾಯವಾಗಿತ್ತು. ಹೆಚ್ಚಾದ ಹಬೆಯನ್ನು ಹೊರಬಿಡುವ, ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಭಾಗ ಅದು. ಅದಿಲ್ಲದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ಊಟದ ಹೊತ್ತಿನಲ್ಲಿ ಹಾಲ್‌ಗೆ ಬೀಗ ಹಾಕಿತ್ತು, ಬೀಗದ ಕೈ ವಾಚ್‌ಮನ್ ಬಳಿ ಇತ್ತು. ಸಂಘದ ಕಾರ್ಯದರ್ಶಿಯಾಗಿದ್ದ ಔಷಧಿ ಅಂಗಡಿಯವರಿಗೆ ಅಷ್ಟೇ ಸಾಕಾಯಿತು.

"ಕೀ ಇಲ್ಲಿಡು. ಸಂಜೆ ಒಳಗೆ ರೂಮು ಖಾಲಿ ಮಾಡು," ಎಂದರು.

ಹಾಲ್‌ನ ಹಿಂದಿನ ಒಂಟಿ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದ ಮನುಷ್ಯ ಕೀ ಗೊಂಚಲನ್ನು ಮೇಜಿನ ಮೇಲಿಟ್ಟ. ನಾನು ಅತ್ತೆಯ ಮುಖ ನೋಡಿದೆ.

ನಮ್ಮ ಅತ್ತೆ ರೈಲ್ವೆ ವರ್ಕ್‌ಶಾಪಿನ ಸ್ಟೋರ್ ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಲೆಕ್ಕದಲ್ಲಿ ಒಂದು ನಟ್ಟು ಕಡಿಮೆಯಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲವಂತೆ. ನಮ್ಮ ಬೀದಿಯಲ್ಲಿ ಏನೇ ಕಳೆದುಹೋದರೂ ಜನ ಮೊದಲು ಬರುವುದು ನಮ್ಮ ಮನೆಗೆ. ಫ್ಲಾಸ್ಕ್ ಹೊತ್ತು ಅವರ ಹಿಂದೆ ಹೋಗುವುದು ಸೊಸೆಯಾದ ನನ್ನ ಪಾಲಿನ ಕೆಲಸ. ಅಂದು ಅತ್ತೆ ಬಂದದ್ದು ಬಹುಮಾನ ಕೊಡುವುದಕ್ಕೆ ಮಾತ್ರ.

ಬೆಳಗ್ಗೆ ಆ ಹಾಲ್ ಎಷ್ಟು ಚೆನ್ನಾಗಿತ್ತು! ರೈಲು ಹುಟ್ಟಿದ ಕಾಲದ ಎಂಜಿನ್ನುಗಳ ಮಾದರಿಗಳು, ಉದ್ದ ಕೊಳವೆ, ದೊಡ್ಡ ಚಕ್ರ, ಹಾಲ್ ಸುತ್ತ ಹಾಸಿದ ಪುಟ್ಟ ಹಳಿ, ಬಿಸಿ ಎಣ್ಣೆಯ ವಾಸನೆ. ರೈಲ್ವೆ ಗೇಟಿನ ಬಳಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಗೆ ಬಂಡಿ ತೋರಿಸುತ್ತಿದ್ದುದು ನೆನಪಾಗಿ ಕಣ್ಣು ಮಂಜಾಯಿತು. ಅಲ್ಲಿದ್ದ ತಲೆ ನೆರೆತವರೆಲ್ಲ ಆ ದಿನ ಹತ್ತು ವರ್ಷದವರಾಗಿದ್ದರು.

ಎಲ್ಲರಿಗೂ ಅಚ್ಚುಮೆಚ್ಚು ಲೇತ್ ಅಜ್ಜನ ಎಂಜಿನ್. ಅದರ ಚಕ್ರ, ಸಿಲಿಂಡರುಗಳನ್ನು ಅಜ್ಜ ತಮ್ಮ ಲೇತ್ ಯಂತ್ರದಲ್ಲಿ ಕಡೆದಿದ್ದರು. ಬಾಯ್ಲರನ್ನು ಬೆಸೆದವರು ಅವರ ಬಾಲ್ಯದ ಗೆಳೆಯ, ಗಡಿಯಾರ ರಿಪೇರಿಯವರು. ನಲವತ್ತು ವರ್ಷವೂ ಸ್ಪಿರಿಟ್ ದೀಪ ಹಚ್ಚಿ ಓಡಿಸುತ್ತಿದ್ದವರು ಗಡಿಯಾರದವರೇ. ಅಜ್ಜನನ್ನು ಕೂಡ ದೂರದ ಕುರ್ಚಿಯಲ್ಲಿ ಕೂರಿಸಿ, ತಾವೊಬ್ಬರೇ ಎಂಜಿನ್ನಿಗೆ ಅಂಟಿಕೊಂಡು ನಡೆಯುತ್ತಿದ್ದರು. ಜನ ಅದನ್ನು ಜಂಬ ಎನ್ನುತ್ತಿದ್ದರು.

ಆದರೆ ಬೆಳಗಿನ ಚಹಾದ ಹೊತ್ತಿಗೆ ಅಜ್ಜ ಎದ್ದು ನಿಂತು, ತಮ್ಮ ಕೈ ನಡುಗುತ್ತಿದೆ, ಇದೇ ಕೊನೆಯ ಸಲ ಎಂದಿದ್ದರು. ಮಧ್ಯಾಹ್ನ ತಾವೇ ಕಲ್ಲಿದ್ದಲು ಹಾಕಿ, ಇಪ್ಪತ್ತರ ಬದಲು ಅರವತ್ತು ಪೌಂಡ್ ಒತ್ತಡಕ್ಕೆ ಏರಿಸಿ ಓಡಿಸುತ್ತೇನೆಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಡಿಯಾರದವರ ಚಹಾ ಲೋಟದಲ್ಲೇ ಆರಿಹೋಯಿತು. ಊಟಕ್ಕೆ ಮೊದಲು ಅಜ್ಜ ಎಂಜಿನ್ನಿಗೆ ಎಣ್ಣೆ ಬಿಟ್ಟು ಕೈ ತೊಳೆಯಲು ಹೋದರು. ಹೊದಿಕೆ ಹೊದಿಸಿದ್ದು ಗಡಿಯಾರದವರು.

ಅತ್ತೆ ಕನ್ನಡಕ ಏರಿಸಿ ಎಂಜಿನ್ನನ್ನು ಇಂಚಿಂಚಾಗಿ ನೋಡಿದರು. ವಾಲ್ವ್ ಇದ್ದ ತೂತಿಗೆ ಮೆತ್ತನೆಯ ಚರ್ಮದ ತುಂಡೊಂದನ್ನು ಮಡಚಿ ತುರುಕಿದ್ದರು. ಸುತ್ತಲಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆಮೇಲೆ ಬಾಯ್ಲರ್ ಪರೀಕ್ಷೆಯ ಪುಸ್ತಕ ತರಿಸಿ ಹಳೆಯ ಪುಟಗಳನ್ನು ತಿರುವಿ, ಎಲ್ಲರನ್ನೂ ಕುರ್ಚಿ ಎಳೆದು ಕೂರಲು ಹೇಳಿದರು. ಮೇಜಿನ ಮೇಲಿದ್ದ ಕೀ ಗೊಂಚಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಕದಿಯೋನಾದ್ರೆ ಇಡೀ ಎಂಜಿನ್ ಎತ್ಕೊಂಡು ಹೋಗ್ತಿದ್ದ. ಹಾಳು ಮಾಡೋನಾದ್ರೆ ಜಜ್ಜಿ ಹೋಗ್ತಿದ್ದ," ಎಂದು ಶುರು ಮಾಡಿದರು. "ಇದನ್ನ ತೆಗೆದವರು ಸರಿಯಾದ ಸ್ಪ್ಯಾನರ್ ಹಾಕಿ ಬಿಚ್ಚಿದಾರೆ. ಬಾಯ್ಲರೊಳಗೆ ಧೂಳು ಬೀಳಬಾರದು ಅಂತ ತೂತು ಮುಚ್ಚಿದಾರೆ. ಬಾಯ್ಲರ್ ಬಿಚ್ಚಿದ್ರೆ ತೂತು ಮುಚ್ಚದೆ ಇರೋಕಾಗದ ಅಭ್ಯಾಸ ನಿಮ್ಮಂಥವರಿಗೆ ಮಾತ್ರ ಇರತ್ತೆ. ವಾಚ್‌ಮನ್‌ಗೆ ಅದೆಲ್ಲ ಎಲ್ಲಿಂದ ಬರಬೇಕು?"

"ಆದ್ರೆ ಬೀಗ ಹಾಕಿತ್ತಲ್ಲ, ಅಮ್ಮಾ," ಎಂದರು ಕಾರ್ಯದರ್ಶಿ.

ವಾಲ್ವ್ ಹೋದದ್ದು ಊಟದ ಹೊತ್ತಿನಲ್ಲಿ ಎಂದು ಯಾರು ಹೇಳಿದರು ಎಂದು ಅತ್ತೆ ಕೇಳಿದರು. ಬೀಗ ಬೀಳುವ ಮೊದಲೇ ಎಂಜಿನ್ನಿಗೆ ಹೊದಿಕೆ ಬಿದ್ದಿತ್ತು. ಅದರಡಿಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೋಡಿದವರಿಲ್ಲ. ಇನ್ನು ಪುಸ್ತಕದ ವಿಷಯ. ಪ್ರತಿ ಬಾಯ್ಲರನ್ನೂ ಓಡಿಸುವ ಒತ್ತಡದ ಎರಡರಷ್ಟಕ್ಕೆ ಪರೀಕ್ಷಿಸುವುದು ಸಂಘದ ಪದ್ಧತಿ. ಇದೊಂದನ್ನು ಮಾತ್ರ ನಲವತ್ತು ವರ್ಷವೂ, ನಲವತ್ತು ಪೌಂಡಿನ ಬದಲು ಇಪ್ಪತ್ತೈದಕ್ಕೇ ನಿಲ್ಲಿಸಿದ್ದರು. ಪ್ರತಿ ಸಲವೂ ಪರೀಕ್ಷಕರ ಸಹಿ ಒಂದೇ, ಗಡಿಯಾರದವರದು.

"ಗಡಿಯಾರದ ಗಾಜು ಒರೆಸೋ ಚರ್ಮ ಇದು," ಎಂದು ಅತ್ತೆ ಆ ತುಂಡನ್ನು ಗಡಿಯಾರದವರ ಮುಂದಿಟ್ಟರು. "ಉಳಿದಿದ್ದು ನೀವೇ ಹೇಳಿಬಿಡಿ."

ಗಡಿಯಾರದವರು ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದರು. ವಾಲ್ವ್ ಅದರಲ್ಲಿತ್ತು.

"ಒಳಗಿನ ಒಂದು ಜೋಡಣೆಗೆ ಬೆಳ್ಳಿ ಬೆಸುಗೆ ಹಾಕಬೇಕಿತ್ತು. ಆತುರದಲ್ಲಿ ಅಷ್ಟು ಗಟ್ಟಿಯಿಲ್ಲದ ಸೀಸದ ಬೆಸುಗೆ ಹಾಕಿಬಿಟ್ಟೆ," ಎಂದರು. "ಮುಚ್ಚಿದ ಮೇಲೆ ಬಿಚ್ಚೋ ಹಾಗಿರಲಿಲ್ಲ. ಇವನು ಊರಿಗೆಲ್ಲ ನನ್ನ ಬೆಸುಗೆ ಹೊಗಳ್ತಾ ತಿರುಗ್ತಿದ್ದ. ಹೇಳೋಕೆ ಬಾಯಿ ಬರಲಿಲ್ಲ. ಇಪ್ಪತ್ತಕ್ಕೆ ತಡೆಯತ್ತೆ, ಅರವತ್ತಕ್ಕೆ ಒಡೆದು ಇವನ ಮುಖಕ್ಕೇ ಹಾರತ್ತೆ." ಆಮೇಲೆ ವಾಚ್‌ಮನ್ ಕಡೆ ತಿರುಗಿ ಕೈ ಮುಗಿದರು. "ನೀನು ಕೀ ಇಟ್ಟಾಗಲೇ ಎದ್ದು ಹೇಳಬೇಕಿತ್ತು. ಹೇಡಿ ಕಣಪ್ಪ ನಾನು."

ಲೇತ್ ಅಜ್ಜ ಆ ವಾಲ್ವನ್ನು ಕೈಗೆತ್ತಿಕೊಂಡರು.

"ಅದಕ್ಕೇ ಏನೋ ನನ್ನನ್ನ ಅಷ್ಟು ದೂರ ಕೂರಿಸ್ತಿದ್ದಿದ್ದು?" ಎಂದರು. "ಒಂದು ಸಲನಾದ್ರೂ ನನ್ನ ಎಂಜಿನ್ ನನಗೆ ಓಡಿಸೋಕೆ ಬಿಡಲಿಲ್ಲ ಅಂತ ನಲವತ್ತು ವರ್ಷ ಒಳಗೊಳಗೇ ನಿನ್ನ ಬೈಕೊಂಡೆ. ಒಡೆದಿದ್ರೆ ನಿನ್ನ ಮೇಲೇ ಹಾರ್ತಿತ್ತಲ್ಲೋ."

ಅತ್ತೆ ಕೀ ಗೊಂಚಲನ್ನು ಕಾರ್ಯದರ್ಶಿಯ ಕೈಗಿತ್ತು, "ಇದನ್ನ ಇಸ್ಕೊಂಡವರೇ ವಾಪಸ್ ಕೊಡಬೇಕು," ಎಂದರು. ಕಾರ್ಯದರ್ಶಿ ವಾಚ್‌ಮನ್‌ನ ಎರಡೂ ಕೈ ಹಿಡಿದು, ತಪ್ಪಾಯಿತೆಂದು ಎಲ್ಲರೆದುರು ಹೇಳಿ ಕೊಟ್ಟರು. ವಾಚ್‌ಮನ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಅತ್ತೆ ನನ್ನ ಬಳಿ ಕಾಫಿ ಕೇಳಿದರು.

ಆ ಮಧ್ಯಾಹ್ನ ಎಂಜಿನ್ನಿಗೆ ಬೆಂಕಿ ಹಾಕಲಿಲ್ಲ. ಲೇತ್ ಅಜ್ಜ ವಾಚ್‌ಮನ್‌ನ ಕೈಗೆ ಹಸಿರು ಬಾವುಟ ಕೊಟ್ಟರು, ಗೆಳೆಯನನ್ನು ತೋಳು ಹಿಡಿದು ಎಬ್ಬಿಸಿದರು. ಬಾವುಟ ಬೀಸಿದ ಕೂಡಲೇ ಇಬ್ಬರು ಮುದುಕರೂ ಬಗ್ಗಿ, ಆ ಬಾಯ್ಲರಿನ ಮೇಲೆ ಒಂದೊಂದು ಕೈಯಿಟ್ಟು ಎಂಜಿನ್ನನ್ನು ಹಳಿಯ ಮೇಲೆ ತಳ್ಳುತ್ತ ಹಾಲ್ ಸುತ್ತ ಹೊರಟರು. ಚುಕುಬುಕು ಸದ್ದನ್ನು ಬಾಯಲ್ಲೇ ಮಾಡಿದವರು ಗಡಿಯಾರದವರು, ಶಿಳ್ಳೆ ಹೊಡೆದವರು ಅಜ್ಜ.