ಕೊಯ್ಯದ ಕುಡುಗೋಲು

“ಯಾವ ಕೈ ಅದು?”

ಮೇಷ್ಟ್ರ ರೂಲುದೊಣ್ಣೆ ಮೇಲೆತ್ತಿದಂತೆಯೇ ನಿಂತಿತ್ತು. ಮುದ್ದಮ್ಮ ಬಳಪ ಹಿಡಿದ ಕೈಯನ್ನು ನೋಡಿಕೊಂಡಳು.

“ಎಡಗೈ ಸಾ.”

ಫಟ್! ಗೆಣ್ಣಿನ ಮೇಲೆ ಏಟು ಬಿತ್ತು. ಬಳಪ ಕೈಜಾರಿ ಎರಡು ತುಂಡಾಯಿತು. ಹಿಂದೆ ಕೂತಿದ್ದ ಹುಡುಗರು “ಎಡಚಿ, ಎಡಚಿ” ಎಂದು ಕಿಸಕ್ಕನೆ ನಕ್ಕರು.

ಅದು ಯುದ್ಧದ ಕಾಲ. ಕಾಗದ ಸಿಗದೆ ದೊಡ್ಡ ಮಕ್ಕಳೂ ಸ್ಲೇಟಿನಲ್ಲೇ ಬರೆಯಬೇಕಿತ್ತು. ಮುದ್ದಮ್ಮನ ಸ್ಲೇಟಿನ ಮೇಲೆ ನಾಲ್ಕು ಸಾಲು ಮುತ್ತು ಪೋಣಿಸಿದ ಹಾಗಿದ್ದವು. ಮೇಷ್ಟ್ರು ಓದಲೇ ಇಲ್ಲ. ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟರು.

“ಬಲಗೈಲಿ ಬರಿ.”

ಬರೆದಳು. ‘ಕ’ ಕುಂಟಿತು. ‘ಮ’ ಮಗುಚಿಕೊಂಡಿತು. ಬರೀ ಕಾಗೆಕಾಲು, ಗುಬ್ಬಿಕಾಲು!

“ಹಾಂ, ಹೀಗೆ!” ಎಂದರು ಮೇಷ್ಟ್ರು. “ಸೋಮವಾರ ಎಡಗೈ ಕಂಡರೆ ಸ್ಲೇಟು ಎತ್ತಿಕೊಂಡು ಮನೆಗೆ ಹೋಗ್ತಾ ಇರು. ಮತ್ತೆ ಸ್ಕೂಲಿನ ಕಡೆ ಬರಬೇಡ.”

ಚೆಂದಾಗಿ ಬರೆದರೆ ಒರೆಸುವುದು, ಸೊಟ್ಟಗೆ ಬರೆದರೆ ಮೆಚ್ಚುವುದು! ಇದು ಯಾವ ಸೀಮೆ ನ್ಯಾಯ? ಬಲಗೈಗೆ ಪಟ್ಟ ಕಟ್ಟಿದವರು ಯಾರು? ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತಾ ಮುದ್ದಮ್ಮ ಮನೆಗೆ ಬಂದಳು. ಒದ್ದದ್ದೂ ಎಡಗಾಲಿನಲ್ಲೇ.

ಮನೆಯಲ್ಲಿ ಅಜ್ಜಿ ಬೀರಮ್ಮ ಮೇಷ್ಟ್ರಿಗಿಂತ ಜೋರು.

“ಸರಿಯಾಗೇ ಮಾಡವ್ರೆ ಬುಡು. ನಾಳಿಕೆ ಗಂಡನ ಮನೇಲಿ ಏನಂದಾರು? ತತ್ತಾ ಇಲ್ಲಿ ಕೈಯ.”

ಹಳೇ ಸೀರೆಯ ಚೂರು ತಂದು ಎಡಗೈಯನ್ನು ಮುಷ್ಟಿ ಮಾಡಿಸಿ ಬಿಗಿಯಾಗಿ ಸುತ್ತಿದಳು. ಮುದ್ದಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಲಗೈಯಲ್ಲಿ ಮುದ್ದೆ ಮುರಿದು ಮೈಮೇಲೆಲ್ಲ ಸಾರು ಚೆಲ್ಲಿಕೊಂಡಳು.

ಮಾರನೆಯ ದಿನ ಭಾನುವಾರ. ಶಿಂಷಾ ಹೊಳೆಯ ಪಕ್ಕದ ಗದ್ದೆಯಲ್ಲಿ ಅವರ ಬತ್ತದ ಕೊಯ್ಲು. ಮುಯ್ಯಾಳಾಗಿ ಬರಬೇಕಿದ್ದ ಪಕ್ಕದ ಮನೆಯವಳಿಗೆ ಜ್ವರ ಬಂದು, ಒಂದು ಕೈ ಕಮ್ಮಿ ಬಿತ್ತು.

“ನಾ ಕುಯ್ತೀನಿ ಕಣವ್ವ,” ಎಂದು ಮುದ್ದಮ್ಮ ಮನೆಗೆ ಓಡಿದಳು. ಅಟ್ಟದ ಮೇಲೆ ತುಕ್ಕು ಹಿಡಿದ ಕುಡುಗೋಲೊಂದು ಬಿದ್ದಿತ್ತು. ಅದನ್ನೇ ಎತ್ತಿಕೊಂಡು ಬಂದಳು.

ಅವ್ವ ಶಿವನಂಜಮ್ಮ ನಕ್ಕಳು. “ಅದ್ಯಾಕೆ ತಂದ್ಯೇ? ಅದು ಕುಯ್ಯಾಕಿಲ್ಲ. ನಾನೂ ಕುಯ್ದ್ ನೋಡಿದ್ದೀನಿ, ನಿಮ್ಮಪ್ಪಾನೂ ನೋಡವ್ರೆ. ಅದ್ಯಾವ ಕೆಟ್ ಕಬ್ಬಿಣವೋ!”

ಮುದ್ದಮ್ಮ ಬಲಗೈಯಲ್ಲಿ ಹಿಡಿದು ಎಳೆದಳು. ಕುಡುಗೋಲು ಪೈರಿನ ಮೇಲೆ ಸುಮ್ಮನೆ ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು. ನಿನ್ನೆಯ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು. ಎಡಗೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತೆಸೆದಳು. ಕುಡುಗೋಲು ಎಡಗೈಗೆ ಬಂತು.

ಸರಕ್!

ಒಂದು ಹಿಡಿ ಪೈರು ಕೈಗೆ ಬಂತು. ಸರಕ್, ಸರಕ್. ಇನ್ನೆರಡು ಹಿಡಿ. ಅವ್ವ ಬಗ್ಗಿದ್ದವಳು ನೆಟ್ಟಗಾದಳು.

“ಅತ್ತೆ, ನೋಡ್ ಬನ್ನಿ ಇಲ್ಲಿ! ಇದ್ಯಾರ ಕುಡ್ಲು?”

ಬದುವಿನ ಹತ್ತಿರ ಹೊರೆ ಕಟ್ಟುತ್ತಿದ್ದ ಅಜ್ಜಿ ಬಂದಳು. ಕುಡುಗೋಲಿನ ಹಿಡಿಯ ಮೇಲೆ ಬೆರಳಾಡಿಸಿದಳು.

“ನಂದು,” ಎಂದಳು. “ಕಬ್ಬಿಣ ಕೆಟ್ಟಿಲ್ಲ. ಅದರ ಗರಗಸದಂಥ ಅಲ್ಲು ಇನ್ನೊಂದ್ ಕಡೀಕೆ ಅವೆ. ಕಮ್ಮಾರನ ತಾವ ನಮ್ಮಪ್ಪ ನಂಗೇ ಅಂತ ಏಳಿ ಮಾಡಿಸ್ಕೊಟ್ಟಿದ್ದು.”

“ನೀನೂ ಎಡಚೀನಾ ಅಜ್ಜಿ?”

“ಊಂ ಕಣವ್ವ. ಮದ್ವೆ ಆಗಿ ಬಂದ ವರ್ಸವೇ ನಮ್ಮತ್ತೆ ಅದನ್ನ ಅಟ್ಟಕ್ಕೆಸೆದ್ರು. ಆವತ್ತಿಂದ ಬಲಗೈಲೇ ಕುಯ್ದೆ.”

ಮುದ್ದಮ್ಮ ಅಜ್ಜಿಯ ಎಡಗೈ ಹಿಡಿದು ತಿರುಗಿಸಿದಳು. ಬೆರಳುಗಳ ತುಂಬಾ ಹಳೆಯ ಗಾಯದ ಗೆರೆಗಳು. ಕೊಯ್ಲು ಮಾಡುವವರಿಗೆಲ್ಲ ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಅವ್ವನ ಕೈ ನೋಡಿದಳು. ಅಲ್ಲಿ ಎರಡೇ ಗೆರೆ. ಅಜ್ಜಿಯವು ಎಣಿಸಿದರೂ ಮುಗಿಯುವ ಹಾಗಿರಲಿಲ್ಲ. ಬಾರದ ಕೈಯಲ್ಲಿ ಕೊಯ್ದು ಕೊಯ್ದು, ಬರುತ್ತಿದ್ದ ಕೈಯನ್ನೇ ಕುಯ್ದುಕೊಂಡಿದ್ದಳು ಅಜ್ಜಿ.

“ಮತ್ತೆ ನನ್ ಕೈ ಯಾಕ್ ಕಟ್ದೆ? ನಿಂಗ್ ಗೊತ್ತಿತ್ತಲ್ಲಾ!” ಮುದ್ದಮ್ಮನ ದನಿ ಗದ್ದೆಗೆಲ್ಲ ಕೇಳಿಸಿತು.

“ನಾನ್ ಅನ್ನುಸ್ಕಂಡಂಗೆ ನೀನೂ ಅನ್ನುಸ್ಕಬಾರ್ದು ಅಂತ.”

“ಅದ್ಕೇ ಎಲ್ಲಾರ್ಗಿಂತ ಮುಂಚೆ ನೀನೇ ಅಂದ್ಯಾ?”

ಅಜ್ಜಿ ಕೆಳಗೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡಳು. ಅದರಲ್ಲೇ ಕುಡುಗೋಲಿನ ತುಕ್ಕನ್ನು ಉಜ್ಜಿ ಉಜ್ಜಿ ಒರೆಸಿ, ಮೊಮ್ಮಗಳ ಎಡಗೈಗೆ ಕೊಟ್ಟಳು.

ಸೋಮವಾರ ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಲು ಯಾರೂ ಬರಲಿಲ್ಲ. “ಉಣ್ಣಾಕ್ ಮಾತ್ರ ಬಲಗೈ ಕಣವ್ವ,” ಎಂದು ಅಜ್ಜಿ ಮೆಲ್ಲಗೆ ಗೊಣಗಿದಳು. “ನೋಡಾನ,” ಎಂದು ಮುದ್ದಮ್ಮ ಸ್ಲೇಟು ಎತ್ತಿಕೊಂಡು ಹೊರಟಳು.

ಶಾಲೆಯಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಮೇಷ್ಟ್ರ ನೆರಳು ಸ್ಲೇಟಿನ ಮೇಲೆ ಬಿತ್ತು.

“ಯಾವ ಕೈ ಅದು?”

ಹುಡುಗರು ನಗುವುದಕ್ಕೆ ಕಾಯುತ್ತಿದ್ದರು.

“ನಂದು ಸಾ.”

ಯಾರೂ ನಗಲಿಲ್ಲ. ಫಟ್ ಎಂದು ಏಟು ಬಿತ್ತು. ಕಣ್ಣಲ್ಲಿ ನೀರು ಬಂತು. ಬಳಪ ಮಾತ್ರ ಬೀಳಲಿಲ್ಲ. ಮುದ್ದಮ್ಮ ಅದೇ ಕೈಯಲ್ಲಿ ಎರಡನೇ ಸಾಲು ಶುರು ಮಾಡಿದಳು.

ಮೇಷ್ಟ್ರು ಇನ್ನೊಮ್ಮೆ ದೊಣ್ಣೆ ಎತ್ತಿದರು. ಸ್ಲೇಟನ್ನು ನೋಡಿದರು. ಈ ಸಲ ಓದಿದರು. ಮನೆಗೆ ಹೋಗು ಎನ್ನಲಿಲ್ಲ, ಶಹಬ್ಬಾಸ್ ಎಂದೂ ಅನ್ನಲಿಲ್ಲ. ದೊಣ್ಣೆ ಇಳಿಸಿ ಮುಂದಿನ ಹುಡುಗನ ಹತ್ತಿರ ಹೋದರು.

ಗೆಣ್ಣಿನ ಮೇಲೆ ಕೆಂಪಗೆ ಒಂದು ಗೆರೆ ಎದ್ದಿತ್ತು. ಉರಿಯುತ್ತಿತ್ತು. ಅಜ್ಜಿಯ ಕೈ ನೆನಪಾಯಿತು. ಆ ಗೆರೆಗಳೇ ಬೇರೆ, ಈ ಗೆರೆಯೇ ಬೇರೆ ಎಂದು ಅವಳಿಗೆ ಅನಿಸಿತು. ಗೆಣ್ಣನ್ನು ಒಮ್ಮೆ ಉಫ್ ಎಂದು ಊದಿಕೊಂಡು, ಮೂರನೇ ಸಾಲು ಬರೆಯತೊಡಗಿದಳು.