ಮಂಕರಿಗೆ ಬಿದ್ದ ಪಾಸು

"ಮೇಡಂ, ಪಕ್ಕಕ್ ಓಗಿ! ಬಾಲು ಬಡಿದ್ರೆ ಮೂಗು ಮುರ್ದೋಯ್ತದೆ!"

ಕೆರಗೋಡಿನ ಮೈದಾನದಲ್ಲಿದ್ದ ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಕೂಗಿದವನು ರಘುನಂದನ್. ಊರಿನ ವಾಲಿಬಾಲ್ ತಂಡದಲ್ಲಿ ಅವನಷ್ಟು ಜೋರಾಗಿ ಸ್ಮ್ಯಾಶ್ ಹೊಡೆಯುವವರು ಇರಲಿಲ್ಲ, ಅವನಷ್ಟು ಜಂಬದವರೂ ಇರಲಿಲ್ಲ!

ರಂಜಿತ ಕದಲಲಿಲ್ಲ. ಮಳವಳ್ಳಿಯ ಹುಡುಗಿ, ಇಲ್ಲಿನ ಶಾಲೆಗೆ ಪಿ.ಟಿ. ಟೀಚರ್ ಆಗಿ ಬಂದವಳು.

"ಮೂಗಿಗೇ ಹೊಡೀರಿ. ನೋಡೇ ಬಿಡೋಣ," ಎಂದಳು.

ರಘು ಸರ್ವಿಸ್ ಹೊಡೆದ. ಬಾಲು ಗಿರ್ರನೆ ಬಂತು. ಅವಳು ಚಕ್ಕನೆ ಪಕ್ಕಕ್ಕೆ ಸರಿದು, ಮಂಡಿ ಬಗ್ಗಿಸಿ, ಎರಡೂ ಕೈ ಜೋಡಿಸಿ ಚಾಚಿದಳು, ಅಷ್ಟೇ. ಬಾಲು ಮೆತ್ತಗೆ ಮೇಲೆದ್ದು, ನೆಟ್ ಪಕ್ಕದಲ್ಲಿ ಅವಳೇ ಇಟ್ಟಿದ್ದ ಮಂಕರಿಯೊಳಗೆ, ಗೊಬ್ಬರ ಹೊರುವ ಆ ಬಿದಿರು ಬುಟ್ಟಿಯೊಳಗೆ, ಹೋಗಿ ಕೂತಿತು.

ನಗು ನಿಂತಿತು. ರಘು ಅವಳನ್ನೇ ನೋಡುತ್ತ ನಿಂತುಬಿಟ್ಟ.

'ಅಯ್ಯೋ, ಇದೇನಿದು... ಎದೆ ಯಾಕೆ ಹೀಗೆ ಡವಗುಟ್ತಿದೆ?' ಎಂದುಕೊಂಡಳು ರಂಜಿತ. ಸರ್ವಿಸ್‌ಗೆ ಹೆದರದ ಗಟ್ಟಿಗಿತ್ತಿ ಆ ಎರಡು ಕಣ್ಣಿಗೆ ಹೆದರಿದಳಲ್ಲ!

ಅವಳು ಈ ಗಂಡಸರ ಸಹವಾಸಕ್ಕೆ ಬಂದದ್ದು ಸುಮ್ಮನೆ ಅಲ್ಲ. ಊರಿಗೆ ಇದ್ದದ್ದು ಒಂದೇ ಕೋರ್ಟು. ಸಂಜೆಯಾದರೆ ಅದು ಗಂಡಸರ ಸ್ವತ್ತು. ಅವಳ ಶಾಲೆಯ ಹುಡುಗಿಯರು ಬೇಲಿಯಾಚೆ ನಿಂತು ನೋಡಬೇಕು! ನಮಗೂ ಕೊಡಿ ಎಂದು ಕೇಳಿದ್ದಕ್ಕೆ ಊರಿನ ವಾಲಿಬಾಲ್ ಸಂಘದ ಅಧ್ಯಕ್ಷ ಮಾದಯ್ಯ ಮೀಸೆ ತಿರುವಿದ್ದರು.

"ಪ್ರತಿ ವರ್ಸ ಮಂಡ್ಯದ ಟೂರ್ನಮೆಂಟಲ್ಲಿ ಸೋಮನಹಳ್ಳಿಯವ್ರು ನಮ್ ಮಾನ ಕಳೀತಾವ್ರೆ ಕಣಮ್ಮ. ಈ ಸಲ ಅವ್ರುನ್ನ ಸೋಲಿಸ್ಕೊಡು, ವಾರಕ್ಕೆ ಮೂರು ಸಂಜೆ ಕೋರ್ಟು ನಿನ್ ಉಡುಗೀರ್ದು. ಸೋತ್ರೆ ಮತ್ತೆ ಈ ಮಾತು ಎತ್ಬ್ಯಾಡ."

"ಆಗ್ಲಿ ಮಾದಯ್ಯನೋರೆ. ಕೊಟ್ಟ ಮಾತಿಗೆ ತಪ್ಪಬಾರ್ದು!"

ಸೋಮನಹಳ್ಳಿಯ ಬಲವೆಲ್ಲ ಮಹದೇವು ಎಂಬವನ ಸರ್ವಿಸ್‌ನಲ್ಲಿತ್ತು. ಕೆರಗೋಡಿನವರಿಗೋ, ಹೊಡೆಯಲು ಬರುತ್ತಿತ್ತು, ಬಂದದ್ದನ್ನು ಎತ್ತಿ ಪಾಸು ಕೊಡಲು ಬರುತ್ತಿರಲಿಲ್ಲ. ರಂಜಿತ ಮೊದಲ ದಿನವೇ ಸ್ಮ್ಯಾಶ್ ಬಂದ್ ಮಾಡಿದಳು!

"ಕೈ ಬೀಸ್ಬೇಡಿ! ಮೊದ್ಲು ಕಾಲು, ಆಮೇಲೆ ಕೈ! ಬಾಲು ಬರೋಕ್ ಮುಂಚೆ ನೀವಲ್ಲಿರ್ಬೇಕು. ಮಂಕ್ರಿಗೆ ಬೀಳೋ ತನಕ ಯಾರೂ ಮನೇಗ್ ಹೋಗಂಗಿಲ್ಲ!"

ರಘುವನ್ನು ನೆಟ್ ಬಳಿಯಿಂದ ತೆಗೆದು ಹಿಂದಿನ ಸಾಲಿಗೆ ಹಾಕಿದಳು.

"ಒಡಿಯೋನ್ನ ಇಂದಕ್ ಆಕ್ತೀರಾ ಮೇಡಂ?"

"ಬಾಲು ಎದ್ರೆ ತಾನೇ ಹೊಡೆಯೋದು? ಗಾಳಿಗೆ ಹೊಡೀತೀರಾ?"

ಅವನು ಗೊಣಗಿದ. ಆದರೂ ಬಗ್ಗಿದ. ಮೊದಮೊದಲು ಅವನ ಪಾಸು ಬೇಲಿ ಹಾರಿ ಭತ್ತದ ಗದ್ದೆಗೆ ಬೀಳುತ್ತಿತ್ತು. ಬರಬರುತ್ತ ಮಂಕರಿಯ ಅಂಚಿಗೆ ತಗಲತೊಡಗಿತು. ತಗಲಿದಾಗಲೆಲ್ಲ ಅವನು ಮೊದಲು ನೋಡುತ್ತಿದ್ದದ್ದು ರಂಜಿತಳ ಮುಖ! ಅವಳೋ, ನಗು ಕಾಣಿಸಬಾರದೆಂದು ಸೀಟಿ ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಅವನು ಪ್ರಾಕ್ಟೀಸ್ ಮುಗಿಯುವ ಮೊದಲೇ ಹೊರಡತೊಡಗಿದ. ಎಲ್ಲಿಗೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ, ನೆಟ್ ಬಳಿ, ಮಂಕರಿ ಇಡುವ ಜಾಗದಲ್ಲೇ ನಿಂತು ಬಾಲು ಎತ್ತಿಕೊಡುವ ಲಿಫ್ಟರ್ ರವಿಚಂದ್ರ ಏದುಸಿರು ಬಿಡುತ್ತ ಬಂದ.

"ಮೇಡಂ, ರಘು ಸೋಮನಹಳ್ಳಿ ಮೈದಾನದಲ್ಲವ್ನೆ! ಮಹದೇವು ಜೊತೆ! ಕಣ್ಣಾರೆ ಕಂಡೆ!"

ಟೂರ್ನಮೆಂಟ್ ಹತ್ತಿರವಾದರೆ ಪಕ್ಕದೂರಿನ ಒಳ್ಳೆಯ ಆಟಗಾರನನ್ನು ಗೆಸ್ಟ್ ಪ್ಲೇಯರ್ ಎಂದು ಎಳೆದುಕೊಳ್ಳುವುದು ಈ ಸೀಮೆಯಲ್ಲಿ ಮಾಮೂಲು. ಅನುಮಾನ ಹೊಕ್ಕ ಮೇಲೆ ಕೇಳಬೇಕೆ? ಹಗ್ಗವೂ ಹಾವೇ!

ಮರುದಿನ ಎಲ್ಲರೆದುರೇ ಕೇಳಿದಳು. "ಸೋಮನಹಳ್ಳಿಗೆ ಹೋಗ್ತಿದೀರಂತೆ?"

"ಊಂ."

"ಮಹದೇವು ಕರೆದ್ನಾ?"

"ಇಲ್ಲ, ನಾನೇ ಓದೆ. ಅದು..."

"ಸಾಕು! ಅಲ್ಲೇ ಆಡ್ಕೊಳ್ಳಿ. ನನ್ನ ಆರು ಜನದಲ್ಲಿ ನೀವಿಲ್ಲ!"

ರಘುವಿನ ಮುಖ ಕಪ್ಪಿಟ್ಟಿತು. "ನನ್ನ ಅಂಥೋನು ಅನ್ಕಂಡ್ರಾ? ಸರಿ ಬುಡಿ ಮೇಡಂ," ಎಂದವನೇ ಬೈಕ್ ಹತ್ತಿದ.

ಬಾಲುಗಳನ್ನು ಚೀಲಕ್ಕೆ ತುಂಬುತ್ತ ರಂಜಿತ ಬಿಕ್ಕಿ ಬಿಕ್ಕಿ ಅತ್ತಳು. 'ಇವನಿಗೆ ಮನಸು ಕೊಟ್ಟೆನಲ್ಲಾ...!' ಆದರೆ ಬೇಲಿಯಾಚೆಯ ಹುಡುಗಿಯರು ಕಣ್ಣಮುಂದೆ ಬಂದರು. ಕಣ್ಣೊರೆಸಿಕೊಂಡು ಎದ್ದಳು. ಅವನಿಲ್ಲದೆಯೂ ಗೆದ್ದೇ ಗೆಲ್ಲುತ್ತೇನೆ!

ಮಂಡ್ಯದಲ್ಲಿ ಪಂದ್ಯ ಕೊನೆಯ ಸೆಟ್‌ಗೆ ಬಂತು. ಮಹದೇವು ಸರ್ವಿಸ್‌ಗೆ ನಿಂತದ್ದೇ ತಡ, ಕೆರಗೋಡಿನವರ ಪಾಸು ದಿಕ್ಕಾಪಾಲು! ರಂಜಿತ ಟೈಮ್ ಔಟ್ ಕೇಳಿದಳು. ರಘು ಬಂದಿದ್ದ, ಹೆಚ್ಚುವರಿ ಆಟಗಾರರ ಬೆಂಚಿನ ತುದಿಯಲ್ಲಿ ತುಂಬುತೋಳಿನ ಜೆರ್ಸಿ ಹಾಕಿ ತಲೆ ತಗ್ಗಿಸಿ ಕೂತಿದ್ದ.

ನೆಟ್ ಆಚೆಯಿಂದ ಮಹದೇವು ನಕ್ಕ. "ಅಲ್ಲಾ ಮೇಡಂ, ನನ್ ಬಾಮೈದುನ್ನ ಯಾಕ್ ಕೂರ್ಸಿದೀರಿ? ದಿನಾ ಅಕ್ಕನ ಮನೇಗ್ ಬಂದು, ಊಟಾನೂ ಮಾಡ್ದೆ, 'ಭಾವ, ಇನ್ನೊಂದ್ ಸರ್ವಿಸ್ ಆಕು, ಇನ್ನೊಂದ್ ಆಕು' ಅಂತ ನನ್ ತೋಳು ಬೀಳಿಸ್ಬುಟ್ಟ. ಅವ್ನಿಲ್ದೆ ಗೆದ್ರೆ ನಮ್ಗೇನ್ ಮಜಾ?"

ಊರಿಗೆಲ್ಲ ಗೊತ್ತಿದ್ದ ಈ ನೆಂಟಸ್ತನ ಹೊರಗಿನಿಂದ ಬಂದ ರಂಜಿತಳಿಗೆ ಮಾತ್ರ ತಿಳಿದಿರಲಿಲ್ಲ! ಓಡಿ ಹೋಗಿ ರಘುವಿನ ಜೆರ್ಸಿಯ ತೋಳು ಮೇಲಕ್ಕೆ ಸರಿಸಿದಳು. ಮುಂಗೈಯಿಂದ ಮೊಣಕೈವರೆಗೆ ನೀಲಿಗಟ್ಟಿತ್ತು!

"ಯಾಕೆ ಹೇಳ್ಲಿಲ್ಲ...?"

"ಕಲ್ತ್ ಮ್ಯಾಲೆ ತೋರ್ಸವಾ ಅಂತಿದ್ದೆ. ಅಷ್ಟ್ರಲ್ಲಿ ನೀವೇ ತೀರ್ಮಾನ ಮಾಡ್ಬುಟ್ರಿ."

"ತಪ್ಪಾಯ್ತು ರಘು. ಎಲ್ಲರ ಮುಂದೆ ತೆಗೆದೆ, ಎಲ್ಲರ ಮುಂದೇನೇ ಕೇಳ್ತಿದೀನಿ. ಆಡ್ತೀರಾ?"

ಅವನು ಎದ್ದು ಅಂಕಣಕ್ಕಿಳಿದ.

ರೆಫರಿಯ ಸೀಟಿ ಕೂಗಿತು. ಮಹದೇವುವಿನ ಸರ್ವಿಸ್ ಬುಸುಗುಟ್ಟುತ್ತ ರಘುವಿನತ್ತ ಬಂತು. ಮೊದಲು ಕಾಲು... ಆಮೇಲೆ ಕೈ! ಬಾಲು ಮೆತ್ತಗೆದ್ದು ನೇರ ರವಿಚಂದ್ರನ ಕೈಗೆ. ರವಿಚಂದ್ರ ನಿಂತ ಜಾಗ ಬಿಟ್ಟು ಅಲುಗಲೂ ಇಲ್ಲ!

"ಮಂಕ್ರಿ!" ರಂಜಿತ ಕಿರುಚಿಬಿಟ್ಟಳು.

ಆಮೇಲೆ ಬಂದ ಸರ್ವಿಸ್‌ಗಳೂ ಹಾಗೇ ಎದ್ದವು. ರಘು ಅವತ್ತು ಒಂದೇ ಒಂದು ಸ್ಮ್ಯಾಶ್ ಹೊಡೆಯಲಿಲ್ಲ. ಅವನು ಎತ್ತಿದ, ಉಳಿದವರು ಹೊಡೆದರು. ಕೆರಗೋಡು ಗೆದ್ದಿತು!

"ವಾರಕ್ಕೆ ಮೂರು ಸಂಜೆ ಕಣಮ್ಮ. ಮಾತು ಅಂದ್ರೆ ಮಾತು," ಎಂದು ಮಾದಯ್ಯ ಹೆಗಲ ಟವಲು ಕೊಡವಿ ಹೋದರು.

ರಂಜಿತ ಒದ್ದೆ ಬಟ್ಟೆಯಲ್ಲಿ ಐಸ್ ಸುತ್ತಿ ರಘುವಿನ ಕೈಗೆ ಒತ್ತಿದಳು. ಅವಳ ಕಣ್ಣಿಂದ ಹನಿಯೊಂದು ಅದರ ಮೇಲೇ ಬಿತ್ತು.

"ಇಷ್ಟು ನೋವು ಯಾಕೆ ತಿಂದ್ರಿ?"

"ಉಡುಗೀರು ಬೇಲಿತಾವ್ ನಿಂತಿರಾದ ಕಂಡಾಗೆಲ್ಲ ನಿಮ್ ಮೊಕ ಸಪ್ಗಾಯ್ತಿತ್ತು. ನಂಗೆ ತಡ್ಯಾಕಾಯ್ತಿರ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ ಮೇಡಂ."

"ಪ್ರೀತಿ ಹೇಳುವಾಗ್ಲೂ ಮೇಡಂ ಅಂತಾರಾ?"

"...ರಂಜಿತ."

ಅವಳು ಕೆಂಪಾದಳು. ಆದರೂ ಗತ್ತು ಬಿಡಲಿಲ್ಲ. "ನನಗೂ ಅಷ್ಟೇ ರಘು, ನೀವಂದ್ರೆ ಪ್ರಾಣ. ಈಗ ಕೇಳಿ, ಹುಡುಗೀರಿಗೆ ಸರ್ವಿಸ್ ಹಾಕೋಕೆ ಒಬ್ರು ಬೇಕು. ಒಂದು ಸಂಜೆನೂ ತಪ್ಪಂಗಿಲ್ಲ."

"ಬತ್ತೀನಿ. ನಮ್ ಮದ್ವೆ ದಿನ ಆದ್ರೂ ರಜಾ ಕೊಡ್ತೀರಾ?"

"ಧಾರೆ ಬೆಳಿಗ್ಗೆ ತಾನೇ? ಸಂಜೆ ಬನ್ನಿ. ಮಂಕ್ರಿ ನಾನೇ ತಂದಿರ್ತೀನಿ."