ಧೂಳಿಲ್ಲದ ಕೋಣೆ

"ಬಂದ್ಯಾ ಮಗನೇ?" ಎಂದು ಆ ಹೆಂಗಸು ಗಟ್ಟಿಯಾಗಿ ಕೈ ಹಿಡಿದುಕೊಂಡಾಗ ಬಡಗಿ ಮೇಸ್ತ್ರಿಯ ಇನ್ನೊಂದು ಕೈಯಲ್ಲಿ ಸುತ್ತಿಗೆ ಇತ್ತು. ಅವನು ಬಂದದ್ದು ಬೆಂಚಿನ ಕಾಲು ಸರಿಮಾಡಲು.

ಭೂಕಂಪವಾಗಿ ವಾರವೂ ಕಳೆದಿರಲಿಲ್ಲ. ಅದು ಹೇಗೋ ಬೀಳದೆ ನಿಂತಿದ್ದ ಬಸ್ ರಿಪೇರಿ ಶೆಡ್ಡಿನಲ್ಲಿ ರಿಟೈರಾದ ಒಬ್ಬ ಡಾಕ್ಟರು, ಒಬ್ಬಳು ನರ್ಸ್, ಒಂದು ಮೇಜು, ಯಾರೋ ತಂದುಕೊಟ್ಟ ಮಾತ್ರೆಗಳು. ಇಷ್ಟನ್ನೇ ಜನ ಕ್ಲಿನಿಕ್ ಅನ್ನುತ್ತಿದ್ದರು. ಸಂಬಳ ಯಾರಿಗೂ ಇರಲಿಲ್ಲ. ಕೈ ಹಿಡಿದವಳು ಆ ನರ್ಸಿನ ಅತ್ತೆ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಮಗ ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಮಾಡುತ್ತಿದ್ದ. ಅಂಗಡಿ ಕುಸಿದಾಗ ಅವನೂ ಅದರಡಿ ಸಿಕ್ಕಿ ಸತ್ತ. ಸೊಸೆ ಅದನ್ನು ಅತ್ತೆಗೆ ಹೇಳಿರಲಿಲ್ಲ. ಮಗ ಬರುವ ತನಕ ಊಟವೂ ಬೇಡ, ಬಿಪಿ ಮಾತ್ರೆಯೂ ಬೇಡ ಎಂದು ಅತ್ತೆ ಹಟ ಹಿಡಿದು ಕೂತಿದ್ದಳು. ಈಗ ಮೇಸ್ತ್ರಿಯ ಮೈಯಿಂದ ಅವಳ ಮೂಗಿಗೆ ಪಾಲಿಶ್ ವಾಸನೆ ಬಡಿಯಿತು.

ಮೇಸ್ತ್ರಿ ನರ್ಸಿನ ಕಡೆ ನೋಡಿದ. ಅವಳ ಕಣ್ಣು ಮೊದಲು ಬೇಡಿಕೊಂಡಿತು, ಅವನು ತಡವರಿಸುವುದನ್ನು ಕಂಡು ಗದರಿಸಿತು. ನಿದ್ದೆಗೆಟ್ಟು ಕೆಂಪಾಗಿದ್ದರೂ ಏನು ಕಣ್ಣು ಅವು. ಅವನು ಅಲ್ಲೇ ಕೆಟ್ಟ.

"ಬಂದೆ ಅಮ್ಮ."

"ದನಿ ಯಾಕೋ ಹೀಗಾಗಿದೆ?"

"ಧೂಳು."

ಅದೊಂದು ಮಾತ್ರ ನಿಜ. ಊರಿಗೆ ಊರೇ ಗಂಟಲು ಕಟ್ಟಿಕೊಂಡಿತ್ತು. ಅತ್ತೆ ಅವನ ಕೈಯಿಂದಲೇ ಮಾತ್ರೆ ನುಂಗಿ ನೀರು ಕುಡಿದಳು.

ಹೊರಡುವಾಗ ನರ್ಸ್ ಗೇಟಿನ ತನಕ ಬಂದಳು. "ನಾಳೇನೂ ಬರೋಕಾಗುತ್ತಾ? ಕೇಳೋಕೆ ನಾಚಿಕೆಯಾಗುತ್ತೆ."

"ಬೆಂಚಿಗೆ ಇನ್ನೂ ಮೂರು ಕಾಲಿದೆ, ಸಿಸ್ಟರ್."

ಅವಳು ನಕ್ಕಳು, ನಕ್ಕಿದ್ದಕ್ಕೆ ತಾನೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮನಸ್ಸು ಕೊಟ್ಟವಳನ್ನು ದಿನವೆಲ್ಲ ಸಿಸ್ಟರ್ ಎಂದು ಕೂಗಬೇಕಾದ ಪಾಡು ಶತ್ರುವಿಗೂ ಬೇಡ.

ಕ್ಲಿನಿಕ್ ಬೆಳೆಯಿತು. ಬಿದ್ದ ಮನೆಗಳ ಬಾಗಿಲುಗಳನ್ನೇ ತಂದು ಮೇಸ್ತ್ರಿ ಗೋಡೆ ಮಾಡಿದ. ಒಂದು ಗೋಡೆಯ ಹಿಂದೆ ಬಸುರಿಯರು, ಇನ್ನೊಂದರ ಹಿಂದೆ ಗಾಯದ ಪಟ್ಟಿ ಬದಲಿಸಿಕೊಳ್ಳುವವರು. ಭಾನುವಾರ ಹಲ್ಲಿನ ಡಾಕ್ಟರು ಬರತೊಡಗಿದರು. ಪಾಠ ಮಾಡಲು ಸ್ಕೂಲಿಲ್ಲದ ಟೀಚರಮ್ಮ ಔಷಧಿ ಕೊಡುವುದನ್ನು ಕಲಿತರು. ಬಾಗಿಲುಗಳ ಗೋಡೆಯಾದ್ದರಿಂದ ಹೊಸಬರು ಕಂಡಕಂಡ ಹಿಡಿಕೆ ತಿರುಗಿಸಿ, ತೆರೆಯದೆ, ಪೆಚ್ಚಾಗಿ ನಿಲ್ಲುತ್ತಿದ್ದರು.

ಸಂಜೆ ಮೇಸ್ತ್ರಿ ಅತ್ತೆ ಸೊಸೆಯರ ತಗಡಿನ ಮನೆಗೆ ಹೋಗುತ್ತಿದ್ದ. ಮಾತ್ರೆ ನುಂಗಿಸಿ, ಒಂದು ಲೋಟ ಚಹಾ ಕುಡಿದು, ನೈಟ್ ಶಿಫ್ಟ್ ಎಂದು ಸುಳ್ಳು ಹೇಳಿ ಎದ್ದುಬರುತ್ತಿದ್ದ.

"ಯಾಕೋ, ಹೆಂಡತಿಗೆ ಹೋಗಿ ಬನ್ನಿ ಅಂತ ಬಹುವಚನ ಹಚ್ತೀಯಲ್ಲ?" ಅತ್ತೆ ಒಮ್ಮೆ ಹಿಡಿದೇಬಿಟ್ಟಳು. "ಜಗಳ ಆಡಿದ್ದೀರಾ?"

"ಇಲ್ಲಮ್ಮ."

"ಹಾಗಾದ್ರೆ ಪ್ರೀತಿಯಿಂದ ಒಂದು ಮಾತಾಡು. ನನ್ನ ಕಿವಿ ಸರಿಯಾಗೇ ಇದೆ, ಕೇಳಿಸ್ಕೋತೀನಿ."

ಅವನು ಬೆವರಿದ. ನರ್ಸ್ ಲೋಟದ ಮರೆಯಲ್ಲಿ ತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಮಾತಾಡಿ, ಏನು ಮಾತಾಡುತ್ತೀರೋ ನೋಡೋಣ ಎಂಬ ತುಂಟತನ ಆ ನೋಟದಲ್ಲಿತ್ತು.

"ಬಹಳ ಸೊರಗಿದ್ದೀಯ," ಎಂದ. "ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ನೋಡಿದ್ರೆ ಸಂಕಟವಾಗುತ್ತೆ."

ತುಂಟತನ ಇಳಿಯಿತು. ಅವಳು ಲೋಟ ಕೆಳಗಿಟ್ಟು ತಲೆ ತಗ್ಗಿಸಿದಳು. ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಡಾಕ್ಟರು ಎಲ್ಲರನ್ನೂ ಕರೆದು ಹೇಳಿದರು: ಕಣ್ಣಿನ ಡಾಕ್ಟರುಗಳ ತಂಡವೊಂದು ಬರಲು ಒಪ್ಪಿದೆ, ಆಪರೇಷನ್ನಿಗೆ ಧೂಳಿಲ್ಲದ ಒಂದು ಕೋಣೆ ಬೇಕು. ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಪೊರೆ ತೆಗೆಸಬೇಕಾದವರಲ್ಲಿ ಮೊದಲನೆಯವಳೇ ಅತ್ತೆ. ಅವಳಿಗೆ ಕಣ್ಣು ಬಂದ ದಿನ ಅವನು ಮಗನಲ್ಲ. ಮಗನಲ್ಲದವನಿಗೆ ಆ ತಗಡಿನ ಮನೆಯಲ್ಲಿ ಏನು ಕೆಲಸ?

ಕೆಲಸ ಹಿಂದೆ ಬಿತ್ತು. ಕೊನೆಗೆ ನರ್ಸೇ ಬಂದಳು.

"ಮರ ಇನ್ನೂ ಒಣಗಿಲ್ಲ ಅಂದ್ರಂತೆ?"

"ಹೌದು."

"ಹಳೇ ಮನೆಗಳ ಬಾಗಿಲು, ಮೇಸ್ತ್ರಿಗಳೇ. ಅವು ಒಣಗಿದಾಗ ನಾವಿಬ್ಬರೂ ಹುಟ್ಟಿರಲಿಲ್ಲ."

ಅವನು ಉಳಿ ಒರೆಸುತ್ತ ನಿಂತ. ಅವಳು ಮೆಲ್ಲಗೆ ಹೇಳಿದಳು, "ಈ ಕೋಣೆ ಮುಗಿಯೋದು ನನಗೂ ಬೇಡ. ಆದ್ರೆ ಅವರಿಗೆ ಕಣ್ಣು ಬೇಡ ಅನ್ನೋಕೆ ನಾವ್ಯಾರು?"

ಆಮೇಲೆ ಅವನು ತಡಮಾಡಲಿಲ್ಲ. ಸಂದುಸಂದಿಗೂ ಮೇಣ ತುಂಬಿ, ಗಾಳಿಯೂ ನುಸುಳದಂತೆ ಹಲಗೆ ಜೋಡಿಸಿ, ನೆಲವನ್ನು ಮಂಡಿಯೂರಿ ಒರೆಸಿದ. ಅಷ್ಟು ಒಳ್ಳೆಯ ಕೆಲಸವನ್ನು ಅವನು ಅಲ್ಲಿಯವರೆಗೆ ಮಾಡಿರಲಿಲ್ಲ.

ಆಪರೇಷನ್ ಆಗಿ ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚುವ ಬೆಳಿಗ್ಗೆ ಬರಬೇಡಿ ಎಂದು ಡಾಕ್ಟರು ಅವನಿಗೆ ಹೇಳಿದ್ದರು. ಮಗ ಎಲ್ಲಿ ಎಂದು ಅತ್ತೆ ಕೇಳುತ್ತಾಳೆ, ಓಡಿಹೋದರೆ ತಪ್ಪಾಗುತ್ತದೆ ಎಂದು ಅವನು ಬಂದು ಎದುರಿಗೇ ನಿಂತ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಕೈ ಚಾಚಿ ಅವನ ಕೆನ್ನೆ, ಹಣೆ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಂಡು ಸೊಸೆಯ ಕಡೆ ತಿರುಗಿದಳು.

"ಯಾವತ್ತು?"

"ಭೂಕಂಪದ ದಿನವೇ, ಅತ್ತೆ."

"ಇಷ್ಟು ದಿನ ಹೊಟ್ಟೆ ತುಂಬ ಉಂಡೆನಲ್ಲೇ. ನನ್ನ ಮಗ ಸತ್ತಿದ್ದಾನೆ, ನಾನು ನಗ್ತಾ ಕೂತಿದ್ದೆನಲ್ಲೇ."

ಅತ್ತೆ ಮತ್ತೆ ಅವನ ಕಡೆ ನೋಡಿದಳು. "ನೀನು ಒಳ್ಳೆಯವನೇ ಇರಬಹುದಪ್ಪ. ಆದ್ರೆ ಇನ್ನು ನನ್ನ ಕಣ್ಣಿಗೆ ಬೀಳಬೇಡ. ನಿನ್ನ ನೋಡಿದಾಗೆಲ್ಲ ಅವನು ಇಲ್ಲ ಅಂತ ಗೊತ್ತಾಗುತ್ತೆ."

ಅವನು ತಲೆಯಾಡಿಸಿ ಹೊರಗೆ ಬಂದ. ಹಿಂದೆಯೇ ನರ್ಸ್ ಬಂದಳು. ಪ್ಯಾಸೇಜಿನಲ್ಲಿ ಅವನ ಷರ್ಟಿನ ತೋಳು ಹಿಡಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಪಕ್ಕದ ಊರಲ್ಲೂ ಇಂಥದೇ ಕ್ಲಿನಿಕ್ ಶುರು ಮಾಡ್ತಾರಂತೆ," ಎಂದ ಅವನು. "ಗೋಡೆ ಬೇಕಂತೆ. ಅಲ್ಲಿಗೆ ಹೋಗ್ತೀನಿ."

"ಹೋಗಿ." ತೋಳು ಮಾತ್ರ ಬಿಡಲಿಲ್ಲ. "ಒಂದು ಮಾತು ಕೇಳಿಸ್ಕೊಂಡು ಹೋಗಿ. ಸಂಜೆಯಾದ್ರೆ ನಾನು ಬಾಗಿಲ ಕಡೆ ನೋಡ್ತಾ ಇದ್ದೆ. ನಿಮಗೋಸ್ಕರ. ಅತ್ತೆಗೆ ಕಣ್ಣಿರಲಿಲ್ಲ, ಮೋಸ ಹೋದ್ರು. ನನಗೆ ಕಣ್ಣಿತ್ತು. ನನ್ನ ಗಂಡನಿಗೋಸ್ಕರ ನಾನು ಒಂದು ದಿನ ಕೂಡ ಸರಿಯಾಗಿ ಅಳಲಿಲ್ಲ, ನಿಮ್ಮ ದಾರಿ ಕಾಯೋದ್ರಲ್ಲೇ ಇದ್ದೆ."

"ಈಗ ನಾನು ಕಾಯ್ತೀನಿ. ಎಷ್ಟು ದಿನ ಆದ್ರೂ."

"ಕಾಯಬೇಡಿ. ನೀವು ಕಾಯ್ತಿದ್ದೀರಿ ಅಂತ ಗೊತ್ತಾದ್ರೆ ನಾನು ಮತ್ತೆ ಅಳಲ್ಲ. ಸತ್ತ ಗಂಡನಿಗೋಸ್ಕರ ನಾನೇ ಅಳದಿದ್ರೆ ಹೇಗೆ? ಅತ್ತೆ ಜೊತೆ ಕೂತು ಮೊದಲಿಂದ ಶುರು ಮಾಡ್ಬೇಕು."

ಅವಳು ತೋಳು ಬಿಟ್ಟಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನೇ ಮಾಡಿದ ಬಾಗಿಲು, ಚೂರೂ ಸದ್ದು ಮಾಡಲಿಲ್ಲ.

ಗೇಟಿನ ಹತ್ತಿರ ಜನ ಸಾಲು ನಿಂತಿದ್ದರು. ದೂರದಿಂದ ಬಂದಿದ್ದ ಒಬ್ಬಾತ ತಾಯಿಯ ಕೈ ಹಿಡಿದುಕೊಂಡು ಅವನನ್ನೇ ಕೇಳಿದ, "ಅಣ್ಣಾ, ಕಣ್ಣು ತೋರಿಸೋದು ಎಲ್ಲಿ?"

"ಒಳಗೆ, ಬಲಗಡೆ ಕೊನೇ ಕೋಣೆ," ಎಂದ ಮೇಸ್ತ್ರಿ. "ಸ್ವಲ್ಪ ಹೊತ್ತು ಬಿಟ್ಟು ಹೋಗಿ. ಸಿಸ್ಟರ್ ಅಳ್ತಿದ್ದಾರೆ."